ತಪಾಸಣೆಗೆ ನಿಂತ ಸೊಪ್ಪು

ಮಾಯಮ್ಮ ಹಾವಿಗೆ ಹೆದರುವವಳಲ್ಲ, ಊರವರ ಬಾಯಿಗೂ ಹೆದರುವವಳಲ್ಲ. ಅಂಥವಳು ಹೆದರಿದ್ದು ಪಂಚಾಯ್ತಿ ಗೋಡೆಗೆ ಅಂಟಿಸಿದ್ದ ಒಂದು ನಕಾಶೆ ಕಂಡು. ರಾಮನಗರದ ಹತ್ತಿರ, ಕೈಲಾಂಚದ ಆಚೆಗಿನ ಆ ಪುಟ್ಟ ಊರಿಗೆ ಯಾರೋ ಎಲ್ಲೋ ಕುಳಿತು ಬಣ್ಣ ಬಳಿದಿದ್ದರು. ವ್ಯವಸಾಯಕ್ಕೆ ಹಸಿರು, ಕಾರ್ಖಾನೆಗೆ ಊದಾ. ಅವಳ ಹಿಪ್ಪುನೇರಳೆ ತೋಟವೂ ಪಕ್ಕದ ಮುನಿಶಾಮಯ್ಯನ ತೋಟವೂ ಊದಾ ಬಣ್ಣದೊಳಗಿದ್ದವು. ಅಲ್ಲಾ, ಉಳುವವರನ್ನು ಒಂದು ಮಾತು ಕೇಳಬೇಡವೇ? ಕೇಳಿರಲಿಲ್ಲ.

ಆದದ್ದು ಇಷ್ಟು. ಹಿಪ್ಪುನೇರಳೆಯನ್ನು ರೇಷ್ಮೆ ಹುಳುವಿಗೆ ಹಾಕಲು ಬುಡಮಟ್ಟ ಕುಯ್ಯುತ್ತಾರೆ. ಕುಯ್ದ ಮೇಲೆ ಕೆಲವು ದಿನ ತೋಟದಲ್ಲಿ ಮೋಟು ಕಡ್ಡಿ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಅಳತೆಯವರು ಬಂದದ್ದು ಅಂಥ ಹೊತ್ತಿನಲ್ಲಿ. ಮೋಟು ನೋಡಿ, ಪಾಳು ಭೂಮಿ ಎಂದು ಬರೆದುಕೊಂಡು ಹೋದರು ಪುಣ್ಯಾತ್ಮರು. ಊರವರು ರಾಮನಗರಕ್ಕೆ ಹೋಗಿ ಜಗಳ ತೆಗೆದ ಮೇಲೆ, ಅಲ್ಲಿನ ಅಧಿಕಾರಿಗಳು ಮತ್ತೊಮ್ಮೆ ಬಂದು ನೋಡುತ್ತೇವೆ ಎಂದರು. ಬೆಳೆ ಇರುವ ಜಮೀನು ಹಸಿರಿಗೆ ಮರಳುತ್ತದೆ. ಆದರೆ ಕಾರ್ಖಾನೆಗೆ ಹೋಗುವ ರಸ್ತೆ ಮಾತ್ರ ಮಾಯಮ್ಮನ ತೋಟದ ಮೇಲೋ ಮುನಿಶಾಮಯ್ಯನ ತೋಟದ ಮೇಲೋ ಹಾಯಲೇಬೇಕು. ಪಾಳು ಯಾವುದೋ ಅದರ ಮೇಲೆ.

ಅಂದಿನಿಂದ ಊರಿನಲ್ಲಿ ಯಾರೂ ಕುಡುಗೋಲು ಮುಟ್ಟಲಿಲ್ಲ. ಸೊಪ್ಪು ನಿಂತಿರಬೇಕು, ಅವರು ಬಂದು ಕಣ್ಣಾರೆ ನೋಡಬೇಕು. ಮುನಿಶಾಮಯ್ಯ ಜಾಣ, ಈ ಸಲ ಹುಳುವನ್ನೇ ತರಲಿಲ್ಲ. ಮಾಯಮ್ಮನ ಹಣೆಬರಹ, ಅವಳ ಮನೆಗೆ ಹುಳು ಆಗಲೇ ಬಂದಾಗಿತ್ತು, ನಾಲ್ಕನೇ ಜ್ವರಕ್ಕೂ ಕೂತಿತ್ತು. ಪೊರೆ ಕಳಚುವ ಮುಂಚೆ ಹುಳು ಏನೂ ತಿನ್ನದೆ ತಲೆಯೆತ್ತಿ ಕೂರುವುದನ್ನು ರೇಷ್ಮೆಯವರು ಜ್ವರ ಎನ್ನುತ್ತಾರೆ. ನಾಲ್ಕನೆಯದೇ ಕೊನೆಯದು. ಅದರಿಂದ ಎದ್ದ ಹುಳುವಿನದು ರಾಕ್ಷಸ ಹಸಿವು.

ಸೋಮವಾರ ಬರುತ್ತೇವೆ ಎಂದವರು ಬರಲಿಲ್ಲ. ಮಂಗಳವಾರ ಎಂದರು, ಅಂದೂ ಇಲ್ಲ. ಅಷ್ಟರಲ್ಲಿ ಹುಳು ಎದ್ದಿತು.

"ನಡುವಿಂದ ಕುಯ್ಯಾನ," ಎಂದ ಗಂಡ ಕೃಷ್ಣಪ್ಪ. "ರೋಡಿನ್ ಕಡೆ ಸಾಲು ಹಂಗೇ ನಿಂತಿರ್ಲಿ. ಜೀಪಿನೋರು ತೋಟದೊಳೀಕೆ ಎಲ್ ಇಳೀತಾರೆ?"

"ಇಳುದ್ರೆ?"

ಕೃಷ್ಣಪ್ಪ ಕುಡುಗೋಲು ಹಿಡಿದು ಹೊರಟ. ನಡುವೆ ಕುಯ್ದರು, ಕುಯ್ಯುತ್ತ ಕುಯ್ಯುತ್ತ ಅಂಚಿಗೆ ಬಂದರು. ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ಮಾಯಮ್ಮ ತಲೆಯೆತ್ತಿ ನೋಡುತ್ತಿದ್ದಳು. ಹಾಲಿನ ಗಾಡಿ ಬಂದರೂ ಸರಿ, ಹೊರೆ ಕೆಳಗೆ ಹಾಕಿ ನಿಂತುಬಿಡುತ್ತಿದ್ದಳು. ಊಟದ ಹೊತ್ತಿಗೂ ಬದುವಿನ ಮೇಲೆ ನಿಂತು ರಸ್ತೆ ಕಾಯುತ್ತಿದ್ದಳು. ಅವಳು ಉಣ್ಣದಿದ್ದರೆ ನಡೆಯುತ್ತಿತ್ತು, ಹುಳು ಉಣ್ಣದಿದ್ದರೆ ನಡೆಯುವ ಹಾಗಿರಲಿಲ್ಲ. ಕಡೆಗೆ ರಸ್ತೆ ಪಕ್ಕದ ಸಾಲುಗಳಷ್ಟೇ ಉಳಿದವು.

ಅವಳು ಮುನಿಶಾಮಯ್ಯನ ಬಾಗಿಲಿಗೆ ಹೋದಳು. ಅವನೇನು ಹೊರಗಿನವನೇ? ಇವಳ ಬೋರ್‌ವೆಲ್ ಕೈಕೊಟ್ಟ ವರ್ಷ ಬೇಸಿಗೆಯಿಡೀ ತನ್ನ ನೀರು ಬಿಟ್ಟವನು, ಅಕ್ಕಾ ಎಂದು ಬಾಯ್ತುಂಬ ಕರೆಯುವವನು.

"ಒಂದ್ ಹೊತ್ತಿಗಾಗೋವಷ್ಟು ಸೊಪ್ಪು ಕೊಡಪ್ಪ. ಹಿಂದ್ಗಡೆಯಿಂದ ಕುಯ್ಕೋತೀನಿ, ರೋಡಿಗೆ ಕಾಣಾಕಿಲ್ಲ."

ಮುನಿಶಾಮಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಮುಖದಲ್ಲಿ ಬೆವರೇನೂ ಇರಲಿಲ್ಲ. "ಬೇರೆ ಏನಾದ್ರು ಕೇಳಕ್ಕ. ಹಿಂದ್ಗಡೆಗೂ ಬಂದು ನೋಡುದ್ರೆ ನನ್ ಗತಿ ಏನು? ಎರಡ್ರಲ್ಲಿ ಒಂದು ಅಂದ್ಬುಟ್ಟವ್ರೆ. ನನ್ ಕಷ್ಟಾನೂ ಒಸಿ ನೋಡು."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನನ್ನು ನೋಡಿದರೆ, ತನ್ನದೇ ಹೆದರಿಕೆ ಹೆಗಲಿಗೆ ಟವೆಲು ಹಾಕಿಕೊಂಡು ಎದುರಿಗೆ ನಿಂತ ಹಾಗಾಯಿತು. ಬಂದ ದಾರಿ ಹಿಡಿದು ವಾಪಸು ಬಂದಳು.

ಮರುದಿನ ಬೆಳಗ್ಗೆ ಹುಳುಮನೆಯ ಬಾಗಿಲು ತೆಗೆದರೆ ಅಟ್ಟಣಿಗೆಯ ತುಂಬ ಬರೀ ಕಡ್ಡಿ. ಹುಳುಗಳು ತಲೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು.

"ಇವತ್ ಹಾಕ್ನಿಲ್ಲ ಅಂದ್ರೆ ಇವು ಗೂಡು ಕಟ್ಟಾಕಿಲ್ಲ," ಎಂದಳು.

ಗಂಡ ಹೆಂಡತಿ ಹೋಗಿ ಉಳಿದ ಸಾಲುಗಳನ್ನೂ ಕುಯ್ದರು. ಮಾಯಮ್ಮ ಅಳುತ್ತಲೇ ಕುಯ್ದಳು, ಅಳುತ್ತಲೇ ಹೊರೆ ಹೊತ್ತಳು.

ಜೀಪು ಅಂದೇ ಮಧ್ಯಾಹ್ನ ಬಂತು. ಊರವರೆಲ್ಲ ತಂತಮ್ಮ ಸೊಪ್ಪು ಕಾಯುತ್ತ ತಂತಮ್ಮ ಬದುವಿನ ಮೇಲೆ ನಿಂತಿದ್ದರು. ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವನು, ಮಾತಿನಲ್ಲಿ ಮರ್ಯಾದೆಯಿತ್ತು.

"ಇದು ಖಾಲಿ ಬಿದ್ದಿದೆಯಲ್ಲಮ್ಮ."

"ಬೆಳಗ್ಗೆ ಕುಯ್ದಿದ್ದು ಸ್ವಾಮಿ. ಹಾಲು ಇನ್ನೂ ಆರಿಲ್ಲ, ಮುಟ್ ನೋಡಿ." ಮಾಯಮ್ಮ ಮಂಡಿಯೂರಿ, ಬಿಳಿ ಹಾಲು ಒಸರುತ್ತಿದ್ದ ಮೋಟು ಹಿಡಿದು ತೋರಿಸಿದಳು. ಅವನು ಮುಟ್ಟಲಿಲ್ಲ. ಕೈಮುಗಿದು ತೋಟದ ಅಂಚಿನ ಹುಳುಮನೆಗೆ ಕರೆದಳು. ಬಾಗಿಲಲ್ಲೇ ನಿಂತು ಇಣುಕಿದ.

"ಹುಳ ಇದೆ, ಒಪ್ಕೋತೀನಿ. ಆದ್ರೆ ಸೊಪ್ಪು ಕೊಂಡ್ಕೊಂಡು ಸಾಕೋರೂ ಇರ್ತಾರಲ್ಲಮ್ಮ. ಈ ಜಮೀನಿಂದೇ ಅಂತ ಯಾರಾದ್ರೂ ಹೇಳ್ಬೇಕು."

"ಇದ್ರುದ್ದೇ ಸಾರ್," ಎಂದ ಕೃಷ್ಣಪ್ಪ.

"ನೀವು ಮನೆಯವರಾದ್ರಿ." ಅಧಿಕಾರಿ ಪಕ್ಕದ ಬದುವಿನ ಕಡೆ ತಿರುಗಿದ. "ಏನ್ರೀ, ಪಕ್ಕದ ತೋಟ ನಿಮ್ದೇ ಅಲ್ವಾ? ಇಲ್ಲಿ ಸೊಪ್ಪು ಇತ್ತಾ?"

ಮುನಿಶಾಮಯ್ಯ ಮಾಯಮ್ಮನನ್ನು ನೋಡಿದ. ಆಮೇಲೆ ಆಳೆತ್ತರ ನಿಂತ ತನ್ನ ಸೊಪ್ಪನ್ನು ನೋಡಿದ. ಒಂದು ಮಾತು, ಇತ್ತು ಅನ್ನುವ ಒಂದೇ ಮಾತು ಸಾಕಾಗಿತ್ತು.

"ನಾನ್ ಈ ಕಡೀಕ್ ಬರೋದು ಕಮ್ಮಿ ಸ್ವಾಮಿ," ಎಂದ ಮುನಿಶಾಮಯ್ಯ. "ಸರಿಯಾಗ್ ಗೊತ್ತಿಲ್ಲ."

ಅಧಿಕಾರಿ ಮೋಟು ತೋಟದ ಫೋಟೊ ತೆಗೆದುಕೊಂಡ, ಸೊಪ್ಪಿನ ತೋಟದ ಫೋಟೊ ತೆಗೆದುಕೊಂಡ, ಜೀಪು ಹತ್ತಿದ. ಮಾಯಮ್ಮ ಬದುವಿನ ಮೇಲೆ ಕುಸಿದು ಕೂತಳು. ಅಷ್ಟು ದಿನ ಹೆದರಿದ್ದೆಲ್ಲ ಇಷ್ಟಕ್ಕೇ. ಇಷ್ಟೂ ಆಗಿಹೋಗಿತ್ತು, ಹೆದರಿಕೆ ಮಾತ್ರ ಹಾಗೇ ಇತ್ತು.

ಸಂಜೆ ಮುನಿಶಾಮಯ್ಯ ಬಂದ. ಜಗಲಿ ಹತ್ತಲಿಲ್ಲ, ಕೆಳಗೇ ನಿಂತ.

"ಹುಳೂಗೆ ಏನ್ ಮಾಡ್ತೀಯಕ್ಕ? ನನ್ ತೋಟದಲ್ ಕುಯ್ಕೋ. ಇನ್ನೇನ್ ಸೊಪ್ಪು ನಿಲ್ಲುಸ್ಬೇಕಾಗಿಲ್ಲ. ಕಾಸೇನೂ ಬ್ಯಾಡ."

ಕೃಷ್ಣಪ್ಪ ಬೈಯಲು ಬಾಯಿ ತೆರೆದ. ಮಾಯಮ್ಮ ಅವನ ತೋಳು ಹಿಡಿದಳು. ಒಳಗೆ ಹುಳುಗಳು ಬೆಳಗಿನ ಸೊಪ್ಪನ್ನು ಮುಗಿಸಿ ಮತ್ತೆ ಬರೀ ಕಡ್ಡಿಗಳ ಮೇಲೆ ಹರಿದಾಡುತ್ತಿದ್ದವು. ಅವಳು ಮುನಿಶಾಮಯ್ಯನ ಮುಖ ನೋಡದೆ ಕುಡುಗೋಲು ತೆಗೆದುಕೊಂಡು ಅವನ ತೋಟಕ್ಕೆ ನಡೆದಳು.