ನೀಲಮ್ಮನವರ ಮಂಚ

ಮಂಚ ಖಾಲಿ ಇದ್ದರೂ ಹದಡಿಯ ಅಂಜಿನವ್ವನಿಗೆ ದಾವಣಗೆರೆಯ ಧರ್ಮಾರ್ಥ ಹೆರಿಗೆ ಮನೆಯವರು ಜಗಲಿಯ ಚಪ್ಪಡಿಕಲ್ಲಿನ ಮೇಲೆ ಹೆರಿಗೆ ಮಾಡಿಸಿದರು. ಮಾರ್ಗಶಿರದ ಗಾಳಿ ಬೀಸುತ್ತಿತ್ತು. ಹುಟ್ಟಿದ ಗಂಡುಮಗು ಬಿಸಿಲೇರುವ ಮೊದಲೇ ತಣ್ಣಗಾಯಿತು.

ಕಲ್ಲಿನ ಮೇಲೆ ಗೋಣಿತಾಟು ಹಾಸಿದವಳು ಆಯಾ ಅಮೀನಾಬೀ. ಹಾಸು ಎಂದವರು ನರ್ಸಮ್ಮ ಅನ್ನಪೂರ್ಣಮ್ಮ. ಅಂಜಿನವ್ವನ ಅತ್ತೆ ಕೆಂಚವ್ವ ಬಾಗಿಲಿನಿಂದ ಒಳಗೆ ಇಣುಕಿ, "ಆ ಮಂಚ ಖಾಲಿ ಐತಲ್ಲವ್ವ" ಎಂದಾಗ ಅನ್ನಪೂರ್ಣಮ್ಮ ಕೇಳಿಸದವರ ಹಾಗೆ ಬಿಸಿನೀರು ತರಲು ಹೇಳಿದ್ದರು. ಅವರಿಗೆ ಹಾಗೆ ಮಾಡಿ ಎಂದು ಅಪ್ಪಣೆ ಕೊಟ್ಟವರು ಯಾರೆಂದು ಕೇಳಿದರೆ ದಾವಣಗೆರೆಯಲ್ಲಿ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಮೊದಲಿಂದ ಹಂಗೇ ಐತೆ ಎನ್ನುತ್ತಿದ್ದರು. ಆ ಮಾತಿಗೆ ಅಪ್ಪನೂ ಇರುವುದಿಲ್ಲ, ಅಮ್ಮನೂ ಇರುವುದಿಲ್ಲ.

ಇದಾದ ವಾರದೊಳಗೆ ಅಮೀನಾಬೀಗೆ ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ಬಂತು.

ಹೆರಿಗೆ ಮನೆಯಲ್ಲಿ ಚಹಾಕ್ಕೂ ಪಂಕ್ತಿ ಇತ್ತು. ಡಾಕ್ಟರಿಗೆ, ನರ್ಸಮ್ಮನಿಗೆ, ಕಮಿಟಿಯವರಿಗೆ ಪಿಂಗಾಣಿ ಕಪ್ಪು ಬಸಿ. ಆಯಾಗಳಿಗೆ ಗೂಡಿನಲ್ಲಿ ಸಾಲಾಗಿಟ್ಟ ಲೋಟ. ಅಮೀನಾಬೀಯ ಲೋಟ ಆ ಸಾಲಿನಲ್ಲೂ ಸೇರದೆ ಹಿಂದಿನ ಕಿಟಕಿಯ ಮೂಲೆಯಲ್ಲಿ ಒಂಟಿಯಾಗಿ ಕೂತಿರುತ್ತಿತ್ತು. ಆವತ್ತು ಅನ್ನಪೂರ್ಣಮ್ಮ ತಾವೇ ಕಪ್ಪು ಹಿಡಿದು ಬಂದರು.

"ಕುಡಿ ಅಮೀನಾ, ಆರಿ ಹೋಗ್ತೈತೆ."

"ನನ್ನ ಲೋಟ ಎಲ್ಲಿ ಹೋತ್ರಿ ಅಮ್ಮಾರೆ?"

"ಲೋಟಕ್ಕೇನಾಗೈತೆ, ಅಲ್ಲೇ ಐತೆ. ಇದ್ರಾಗೇ ಕುಡಿ. ನೀನೇನು ಹೊರಗಿನಾಕಿನೇನು?"

ಈ ಮನೆಯ ನೆಲ ಒರೆಸಿ ಒರೆಸಿ ಅಮೀನಾಬೀಯ ಮೊಣಕಾಲು ಕಪ್ಪಗೆ ಗಂಟುಗಟ್ಟಿದ್ದವು. ಇಷ್ಟು ವರ್ಷ ಹೊರಗಿನವಳಾಗಿದ್ದವಳು ಬೆಳಗಾಗುವುದರಲ್ಲಿ ಒಳಗಿನವಳಾದದ್ದು ಹೇಗೆ? ಕಡಿಯುವ ಕುರಿಗೆ ಹೂವು ಮುಡಿಸುವುದನ್ನು ಅವಳು ಕಂಡವಳು. ಬಾವಿಗೆ ಇಣುಕುವವಳಂತೆ ಕಪ್ಪಿನೊಳಗೆ ನೋಡಿ, ಆಮೇಲೆ ಕುಡಿದಳು. ಚಹಾಕ್ಕೆ ಹಾಲು ಧಾರಾಳವಾಗಿ ಬಿದ್ದಿತ್ತು. ಅನುಮಾನ ಇನ್ನೂ ಗಟ್ಟಿಯಾಯಿತು.

ಆ ಮಂಚದ ಕತೆಯನ್ನೂ ಹೇಳಬೇಕು. ಹೆರಿಗೆ ಮನೆಯನ್ನು ಕಟ್ಟಿಸಿದವರು ಊರಿನ ಹತ್ತಿ ವರ್ತಕರು. 'ಇಲ್ಲಿ ಜಾತಿ ಮತ ಭೇದವಿಲ್ಲ, ಸೇವೆಯೇ ನಮ್ಮ ಧರ್ಮ' ಎಂದು ಮುಂಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದರು. ಒಂದೊಂದು ಮಂಚ ಒಬ್ಬೊಬ್ಬ ದಾನಿಯದು. ತಲೆದೆಸೆಯಲ್ಲಿ ತಗಡಿನ ಮೇಲೆ ಹೆಸರು. ಕಮಿಟಿಯ ಅಧ್ಯಕ್ಷರೂ ದೊಡ್ಡ ಮಂಡಿಯ ಧಣಿಗಳೂ ಆದ ಶಿವಯೋಗಪ್ಪನವರು ತಮ್ಮ ತಾಯಿ ನೀಲಮ್ಮನವರ ಹೆಸರಿನಲ್ಲಿ ಬೊಂಬಾಯಿಯಿಂದ ಕಬ್ಬಿಣದ ಮಂಚ ತರಿಸಿದರು. ಮೊದಲ ವರ್ಷ ತಾಯಿಯ ಪುಣ್ಯತಿಥಿಗೆ ಬಂದು ಆ ತಗಡಿಗೆ ಹೂವಿನ ಹಾರ ಹಾಕಿದರು. ಮರುವರ್ಷ ಕುಂಕುಮ, ಊದಿನಕಡ್ಡಿ. ಅದರಾಚೆ ಎಡೆಯೂ ಬಂತು. ಬರಬರುತ್ತಾ ಊರಿನ ದೊಡ್ಡ ಮನೆತನದ ಹೆಂಗಸರು ಹೆರಿಗೆ ಮನೆಗೆ ಬಂದರೆ ಮೊದಲು ಮಂಚ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಪೂಜೆಗೊಂಡ ಮಂಚದ ಮೇಲೆ ಇನ್ನು ರಕ್ತ ಬೀಳಿಸುವುದುಂಟೆ? ಹೆರಲೆಂದು ಕೊಟ್ಟ ಮಂಚಕ್ಕೆ ಹೆರಿಗೆಯೇ ಮೈಲಿಗೆಯಾಯಿತು. ಬೇಡ ಎಂದು ಯಾರೂ ಹೇಳಲಿಲ್ಲ, ಮಲಗಿಸಲೂ ಇಲ್ಲ. ಮೇಲ್ಜಾತಿಯ ಬಸುರಿಯರಿಗೇ ಸಿಗದ ಮಂಚ ಕೇರಿಯ ಅಂಜಿನವ್ವನಿಗೆ ಸಿಕ್ಕೀತೆ? ಉಳಿದ ಮಂಚಗಳು ತುಂಬಿದ್ದ ದಿನ ಅವಳಿಗೆ ಉಳಿದದ್ದು ಜಗಲಿ.

ಅಂಜಿನವ್ವನ ಗಂಡ ಗುತ್ತೆಪ್ಪ ಶಿವಯೋಗಪ್ಪನವರ ಮಂಡಿಯಲ್ಲೇ ಹಮಾಲಿ. ಮಗುವನ್ನು ಮಣ್ಣು ಮಾಡಿ ಬಂದವನು ಮಂಡಿಯ ಅಂಗಳದಲ್ಲಿ ನಿಂತು, "ಮಂಚ ಖಾಲಿ ಇತ್ತೋ ಇಲ್ಲೋ, ಅಷ್ಟು ಹೇಳ್ರಿ" ಎಂದು ಕೇಳಿದ. ಯಾರೂ ಹೇಳಲಿಲ್ಲ. ಕೇರಿಯ ಹಮಾಲಿಗಳೆಲ್ಲ ಹತ್ತಿಯ ಅಂಡಿಗೆಗಳನ್ನು ಎತ್ತುವ ಕೊಕ್ಕೆ ಕೆಳಗಿಟ್ಟು ಕೂತರು. ಹತ್ತಿ ಬರುವ ಕಾಲ. ಗಾಡಿಗಳು ಬೀದಿಯುದ್ದಕ್ಕೂ ನಿಂತವು, ಮಿಲ್ಲಿನವರು ಆಳಿನ ಮೇಲೆ ಆಳು ಕಳಿಸಿದರು. ಮೂರನೆಯ ಮಹಾ ಚುನಾವಣೆ ಬೇರೆ ಹೊಸ್ತಿಲಲ್ಲಿತ್ತು. ಶಿವಯೋಗಪ್ಪನವರು ಟಿಕೇಟಿನ ಮೇಲೆ ಕಣ್ಣಿಟ್ಟಿದ್ದರು.

ಚಹಾ ಬಂದ ಮರುದಿನ ಕಮಿಟಿಯ ಸೆಕ್ರೆಟರಿ ವಾಮದೇವಪ್ಪ ಅಮೀನಾಬೀಯನ್ನು ಕರೆಸಿದರು.

"ಕೂಡ್ರು ಅಮೀನಾಬೀ."

"ಇರ್ಲಿ ಬಿಡ್ರಿ ಯಜಮಾನ್ರೆ, ನಿಂತೇ ಇರ್ತೀನಿ."

"ನಿಂತು ನಿಂತು ಸಾಕಾಗಿಲ್ಲೇನು ನಿನಗೆ? ಅಂದಂಗೆ ನಿನ್ನ ಮಗಳು ಶಮೀಮ್‌ದು ಈ ಸಲ ಪಕ್ಕಾ ಆತು. ಮಿಡ್‌ವೈಫ್ ಟ್ರೈನಿಂಗಿಗೆ ನಮ್ಮ ಕಮಿಟಿ ಶಿಫಾರಸು ಅಂದ್ರೆ ಮುಗೀತು."

ಇದೇ ಶಿಫಾರಸಿಗಾಗಿ ಅವಳು ಎಷ್ಟು ಸಲ ಈ ಬಾಗಿಲಲ್ಲಿ ನಿಂತಿದ್ದಳೋ. ನೋಡಾಣ ಎಂಬ ಮಾತೊಂದನ್ನೇ ಹೊತ್ತು ಹೋಗಿದ್ದಳು. ಇಂದು ಬೇಡದೆ ಬಂದಿದೆ.

"ಹರಿಹರದಾಗೆ ನಿಮ್ಮಣ್ಣ ಅರಾಮಿದಾನಾ?" ಎಂದರು ವಾಮದೇವಪ್ಪ, ಎಲೆಗೆ ಸುಣ್ಣ ಹಚ್ಚುತ್ತಾ.

ಅಣ್ಣನಿದ್ದಾನೆಂದು ಇವರಿಗೆ ಹೇಳಿದವರು ಯಾರು? ಅಮೀನಾಬೀ, "ಅರಾಮ್ರಿ" ಎಂದಷ್ಟೇ ಹೇಳಿ ಹೊರಬಂದಳು. ಆ ಶುಕ್ರವಾರ ರಜೆ ಕೇಳಿದಾಗ ಅನ್ನಪೂರ್ಣಮ್ಮ ಏಕೆಂದು ಕೇಳದೆ ಕೊಟ್ಟದ್ದು ಕೂಡ ಅವಳಿಗೆ ಸರಿಬರಲಿಲ್ಲ.

ಅವಳ ಅಣ್ಣ ಮೌಲಾ ಸಾಬ್‌ನದು ಹರಿಹರದಲ್ಲಿ ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ ಕಲಾಯಿ ಅಂಗಡಿ. ಅವನು ತಿದಿ ಒತ್ತುತ್ತಾ ಕೆಂಡದ ಮೇಲೆ ಹಂಡೆಯೊಂದನ್ನು ಹೊರಳಿಸುತ್ತಿದ್ದ. ಹಂಡೆಯ ಕಂಠದಲ್ಲಿ ಕೊರೆದ ಅಕ್ಷರ ಅಮೀನಾಬೀಗೆ ದೂರದಿಂದಲೇ ಗುರುತು ಸಿಕ್ಕಿತು. ಪಕ್ಕದಲ್ಲಿ ಹೆರಿಗೆ ಮನೆಯ ಬೋಗುಣಿ, ಕೊಳಗ, ಪರಾತಗಳು ಸಾಲಾಗಿ ಬಾಯ್ತೆರೆದು ಕೂತಿದ್ದವು.

"ಭಾಯ್, ಇವು ಇಲ್ಲಿಗೆ ಹೆಂಗೆ ಬಂದ್ವು?"

"ಜೀಪಿನಾಗೆ ಬಂದ್ವು. ನಿಮ್ಮ ಸೆಕ್ರೆಟ್ರಿ ಸಾಹೇಬ್ರೇ ತಂದ್ರು. ಇಲ್ಲೇ, ಈಗ ನೀ ಕುಂತೀಯಲ್ಲ, ಇಲ್ಲೇ ಕುಂತಿದ್ರು."

"ಮಸಿ ಹತ್ತಲಿಲ್ಲೇನು ಅವರ ಧೋತ್ರಕ್ಕೆ?"

"ಹತ್ತಿತು. ನಕ್ಕೋತ ಒರಸ್ಕೊಂಡ್ರು."

ಜಗಲಿಯ ಮೇಲೆ ಒಂದು ಹನಿ ನೀರು ಕಂಡರೆ ಕಚ್ಚೆ ಎತ್ತಿ ಹಿಡಿದು ದಾಟುವ ಮನುಷ್ಯ, ಕಲಾಯಿಯ ಮಸಿ ಬಳಿದುಕೊಂಡು ನಗುತ್ತಾನೆಂದರೆ ಇದು ಪಾತ್ರೆಯ ವ್ಯವಹಾರವಲ್ಲ.

"ಏನಂದ್ರು, ಪೂರಾ ಹೇಳು."

ಮೌಲಾ ಸಾಬ್ ಇಕ್ಕಳ ಕೆಳಗಿಟ್ಟ. "ಏನಿಲ್ಲವ್ವ, ನೀ ಒಂದು ಮಾತು ಹೇಳ್ಬೇಕಂತೆ. ಕೇರಿಯೋರ್ನೆಲ್ಲಾ ಕೂಡಿಸ್ತಾರೆ. ಅವರ ಮುಂದೆ, ಕೆಂಚವ್ವನೇ ಮಂಚ ಬ್ಯಾಡ ಅಂದ್ಲು, ಪೂಜೆ ಮಂಚ, ನಮಗೆ ದೋಷ ತಟ್ಟೀತು, ಜಗಲಿ ಮ್ಯಾಲೇ ಆಗ್ಲಿ ಅಂದ್ಲು, ಅಂತ. ಇಷ್ಟೇ."

"ಕೆಂಚವ್ವ ಹಂಗಂದಿಲ್ಲ."

"ಅಂದಿಲ್ಲ ಅಂತ ಯಾರಿಗೆ ಗೊತ್ತು?"

"ಕೆಂಚವ್ವಗೆ ಗೊತ್ತು. ನನಗೆ ಗೊತ್ತು. ನರ್ಸಮ್ಮಗೆ ಗೊತ್ತು."

"ನರ್ಸಮ್ಮನ ಮಾತು ಕೇರಿಯೋರು ನಂಬಲ್ಲ. ನೀನು ಅವರ ಜಾತೀನೂ ಅಲ್ಲ, ಸಾವ್ಕಾರ್ರ ಜಾತೀನೂ ಅಲ್ಲ. ಕೇರಿ ಹೆಣ್ಮಕ್ಳ ಬಾಣಂತನ ಮಾಡ್ದಾಕಿ. ನೀ ಹೇಳಿದ್ರೆ ಕೆಂಚವ್ವಗೇ ಅನುಮಾನ ಬಂದ್ಬಿಡ್ತೈತೆ, ನಾನೇ ಅಂದಿದ್ದೆನೋ ಏನೋ ಅಂತ."

ಆಗ ಅವಳಿಗೆ ಎಲ್ಲ ಬಿಚ್ಚಿಕೊಂಡಿತು. "ನಾಳೆ ಸುಳ್ಳು ಅಂತ ಗೊತ್ತಾದ್ರೆ ಯಾರ ಹೆಸರು ಬರ್ತೈತೆ ಭಾಯ್? ಸಾಬರಾಕಿ ಹೇಳಿದ್ಲು ಅಂತಾರೆ. ಕಮಿಟಿ ಕೈ ತೊಳಕಂತೈತೆ. ಕೇರಿಯೋರು ನಮ್ಮ ಓಣಿ ಬಾಗ್ಲಿಗೆ ಬರ್ತಾರೆ. ಆಮ್ಯಾಲೆ ಬಡವರು ಬಡವರು ತಲೆ ಒಡಕಂಡು ಸಾಯೋದು, ಇವರ ಹತ್ತಿ ಮಿಲ್ಲು ಸೇರೋದು."

"ಅಷ್ಟು ನನಗೂ ತಿಳೀತೈತೆ ಅಮೀನಾ. ಕಲಾಯಿ ಕೆಲ್ಸ ಎಲ್ಲೈತೆ ಈಗ? ಅಲ್ಯೂಮಿನಿಯಂ ಬಂದ ಮ್ಯಾಲೆ ತಾಮ್ರದ ಪಾತ್ರೆ ಅಟ್ಟ ಹತ್ತಿದ್ವು. ತಿದಿ ಹಸಿದು ಮಲಗಿತ್ತು, ಇವು ಬಂದು ಎಬ್ಬಿಸಿದ್ವು." ಮೌಲಾ ಸಾಬ್ ತಲೆ ತಗ್ಗಿಸಿ ಕೆಂಡ ಕೆದಕಿದ. "ಇನ್ನೊಂದು ಈಗ್ಲೇ ಹೇಳ್ಬಿಡ್ತೀನಿ. ಅವರು ಕೊಟ್ಟಿರೋ ರೂಮು ಬಿಡಿಸಿದ್ರೆ, ಇಲ್ಲಿ ನಿನಗೂ ಶಮೀಮ್‌ಗೂ ಕಾಲು ಚಾಚಾಕೆ ಜಾಗ ಇಲ್ಲ. ನಿನ್ನ ಭಾಬಿ ಒಪ್ಪಲ್ಲ."

"ಭಾಬಿನ ಯಾಕ ಎಳೀತೀಯ. ನೀನೇ ಒಪ್ಪಲ್ಲ ಅನ್ನು."

ಅವನು ನವಸಾಗರದ ಪುಡಿ ಉದುರಿಸಿದ, ಹಂಡೆಯಿಂದ ಎದ್ದ ಬಿಳಿ ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು ಬಂತು.

ದಾವಣಗೆರೆಗೆ ವಾಪಸಾದ ಮೇಲೆ ಅವಳ ಕಣ್ಣಿಗೆ ಯಾವುದೂ ಸುಮ್ಮನೆ ಇದ್ದಂತೆ ಕಾಣಲಿಲ್ಲ. ಕಾವಲುಗಾರ ಹುಸೇನ್ ಸಾಬ್ ಅವಳ ರೂಮಿನೆದುರು ಎರಡೆರಡು ಸಲ ಬೀಡಿ ಹಚ್ಚುತ್ತಾನೆ, ಇವನಿಗೂ ಹೇಳಿಟ್ಟಿದ್ದಾರೆಯೇ? ಬಾಣಂತಿಯರ ಕಡೆಯವರು ಅವಳು ಬಂದೊಡನೆ ಮಾತು ನಿಲ್ಲಿಸುತ್ತಾರೆ, ಏನು ಆಡುತ್ತಿದ್ದರು? ಸಂತೆಯಲ್ಲಿ ಎದುರಾದ ಕೇರಿಯ ಹೆಂಗಸೊಬ್ಬಳು ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಆಚೆ ತಿರುಗಿದಳು. ಮನೆಯಲ್ಲಿ ಶಮೀಮ್ ಕೂಡ ತಾಯಿಯ ಮುಖವನ್ನೇ ಓದುತ್ತಿದ್ದಳು.

"ಅಮ್ಮೀ, ಆ ಅಜ್ಜಿ ನಿಜವಾಗ್ಲೂ ಮಂಚ ಬ್ಯಾಡ ಅಂದ್ಲಾ?"

"ನಿನಗ್ಯಾರು ಹೇಳಿದ್ರು?"

"ನರ್ಸಮ್ಮ. ಹಂಗೆ ಅಂದಿದ್ಲು, ನಿಮ್ಮಮ್ಮನೇ ಕೇಳಿಸ್ಕೊಂಡಾಳೆ ಅಂದ್ರು. ನನ್ನ ಟ್ರೈನಿಂಗ್ ಮಾತೂ ಆಡಿದ್ರು. ಎರಡೂ ಒಂದೇ ಉಸಿರಿನಾಗೆ ಯಾಕ ಆಡಿದ್ರು?"

ಅಮೀನಾಬೀ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಮಗಳು ಬಿಳಿ ಉಡುಪು ತೊಟ್ಟು, ಯಾರ ಲೋಟ ಎಲ್ಲಿಡಬೇಕೆಂದು ತಾನೇ ಹೇಳುವ ದಿನವನ್ನು ಅವಳು ಎಷ್ಟೋ ಸಲ ಕಣ್ಣ ಮುಂದೆ ತಂದುಕೊಂಡಿದ್ದಳು. ಆ ದಿನಕ್ಕೆ ಈಗ ಬೆಲೆ ಕಟ್ಟಿ ಮುಂದಿಟ್ಟಿದ್ದರು.

ಸಭೆಯ ಹಿಂದಿನ ದಿನ ವಾಮದೇವಪ್ಪ ಅವಳಿಗೆ ಆ ಮಾತನ್ನು, ಮಕ್ಕಳಿಗೆ ಮಗ್ಗಿ ಹೇಳಿಕೊಡುವಂತೆ, ನಿಧಾನವಾಗಿ ಹೇಳಿಕೊಟ್ಟರು. ಅಮೀನಾಬೀ ನೆಲ ನೋಡುತ್ತಾ ನಿಂತಿದ್ದಳು. ಬಡವರು ಸುಮ್ಮನಿದ್ದರೆ ಒಪ್ಪಿದರೆಂದೇ ಲೆಕ್ಕ ಹಾಕುವ ರೂಢಿ ವಾಮದೇವಪ್ಪನವರದು. "ಶಾಣೇಳು ನೀನು" ಎಂದು ಹೇಳಿ ಕಳಿಸಿದರು.

ಬೆಳಗ್ಗೆ ಅವಳು ನೆಲ ಒರೆಸಲು ಒಳಗೆ ಹೋದಾಗ ಅನ್ನಪೂರ್ಣಮ್ಮ ನೀಲಮ್ಮನವರ ಮಂಚದ ಮೇಲೆ ಬಗ್ಗಿದ್ದರು. ಹಾರ ಇರಲಿಲ್ಲ. ಕುಂಕುಮವನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದರು; ಅಲ್ಲಿ ತಗಡು ಬೆಳ್ಳಗೆ ಕಾಣುತ್ತಿತ್ತು. ನರ್ಸಮ್ಮ ಹೊಸ ಹಾಸಿಗೆಯ ಬಟ್ಟೆಯನ್ನು ಎರಡೂ ಕೈಯಿಂದ ಹಿಂಡಿ, ಮುದುರಿ, ಮತ್ತೆ ಹರಡುತ್ತಿದ್ದರು. ಸಭೆಗೆ ಬರುವವರ ಕಣ್ಣಿಗೆ ಯಾರೋ ಈಗಷ್ಟೇ ಎದ್ದು ಹೋದಂತೆ ಕಾಣಬೇಕಿತ್ತು.

"ಯಾರೂ ಮಲಗ್ದೇನೇ ಹೆಂಗೆ ಮುದುರಿತ್ರಿ ಅಮ್ಮಾರೆ?"

ಅನ್ನಪೂರ್ಣಮ್ಮನ ಕೈ ನಿಂತಿತು. "ನನಗೂ ಮನೆ ಮಠ ಐತೆ ಅಮೀನಾ" ಎಂದರು ಮೆಲ್ಲಗೆ. "ನಾನು ಮಾಡಿದ ರೂಲ್ಸ್ ಅಲ್ಲ ಇದು."

"ಯಾರು ಮಾಡಿದ್ದು?"

ಅನ್ನಪೂರ್ಣಮ್ಮ ಮತ್ತೆ ಬಟ್ಟೆ ಮುದುರತೊಡಗಿದರು.

ಸಭೆ ಹೆರಿಗೆ ಮನೆಯ ಅಂಗಳದಲ್ಲಿ ಸೇರಿತು. ಕಮಿಟಿಯವರು ಬೆಂಚಿನ ಮೇಲೆ, ಶಿವಯೋಗಪ್ಪನವರು ಕುರ್ಚಿಯ ಮೇಲೆ. ಕೇರಿಯವರು ಗೇಟಿನ ಬಳಿ ಕುಕ್ಕರುಗಾಲಲ್ಲಿ. ಗುತ್ತೆಪ್ಪ ಕೂರಲಿಲ್ಲ. ಕೆಂಚವ್ವ ಸೆರಗನ್ನು ಬಾಯಿಗಿಟ್ಟುಕೊಂಡು ಜಗಲಿಯ ಕಲ್ಲನ್ನೇ ನೋಡುತ್ತಿದ್ದಳು. ಅಮೀನಾಬೀಗೂ ಒಂದು ಕುರ್ಚಿ ಹಾಕಿಸಿದ್ದರು. ಅವಳು ಅದರ ಹತ್ತಿರ ಹೋಗಲಿಲ್ಲ.

ಶಿವಯೋಗಪ್ಪನವರು ಎದ್ದು ಕೈಮುಗಿದರು. "ನಮ್ಮವ್ವನ ಆಣೆ ಮಾಡಿ ಹೇಳ್ತೀನಿ. ಆ ಮಂಚ ಇಂಥೋರಿಗೆ ಕೊಡಬ್ಯಾಡ್ರಿ ಅಂತ ನಾನು ಯಾವತ್ತೂ ಬಾಯಿ ಬಿಟ್ಟು ಅಂದೋನಲ್ಲ."

ಅದು ನಿಜವಾಗಿತ್ತು. ಧಣಿ ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಹಾರ ಹಾಕಿದ್ದರೆ ಸಾಕು.

"ಹಂಗಾದ್ರೆ ಖಾಲಿ ಇದ್ದಿದ್ದು ಯಾಕೆ ಧಣೇರೆ?" ಎಂದ ಗುತ್ತೆಪ್ಪ.

"ಅದನ್ನ ಆಕಿ ಹೇಳ್ತಾಳೆ, ತಡಿಯೋ" ಎಂದರು ವಾಮದೇವಪ್ಪ. "ನಾವು ಹೇಳಿದ್ರೆ ನೀವು ನಂಬಲ್ಲ. ನಿಮ್ಮ ಅಮೀನಾಬೀನೇ ಹೇಳ್ಲಿ."

ಕೆಂಚವ್ವ ಈಗ ತಲೆಯೆತ್ತಿದಳು. "ಹೇಳು ಬೂಬಮ್ಮ. ನನ್ನ ಮಗಳ ಬಾಣಂತನ ಮಾಡ್ದಾಕಿ ನೀನು. ನೀ ಏನಂದ್ರೂ ನಾವು ಎದ್ದು ಹೋಗ್ತೀವಿ. ನನ್ನದೇ ತಪ್ಪು ಅಂದ್ರೂ ಹೋಗ್ತೀವಿ."

ಆ ಮುದುಕಿಯ ಕಣ್ಣಲ್ಲಿ ಕೋಪವಿರಲಿಲ್ಲ. ತನ್ನ ಮೇಲೇ ಅವಳಿಗೆ ಅನುಮಾನ ಹುಟ್ಟಿತ್ತು. ಅಷ್ಟನ್ನು ಕಮಿಟಿಯವರು ಆಗಲೇ ಮಾಡಿ ಮುಗಿಸಿದ್ದರು.

"ಕೆಂಚವ್ವ ಅವತ್ತು ಏನಂದ್ಲು, ಹೇಳವ್ವ" ಎಂದರು ವಾಮದೇವಪ್ಪ, ಬೆಲ್ಲದಂಥ ದನಿಯಲ್ಲಿ.

"ಮಂಚ ಖಾಲಿ ಐತಲ್ಲವ್ವ, ಅಂದ್ಲು" ಎಂದಳು ಅಮೀನಾಬೀ. "ನಮಗೆ ಕೇಳಿಸ್ತು. ಯಾರೂ ಮಾತಾಡ್ಲಿಲ್ಲ. ಗೋಣಿ ಹಾಸಿದಾಕಿ ನಾನು."

ಶಿವಯೋಗಪ್ಪನವರು ಸೆಕ್ರೆಟರಿಯ ಕಡೆ ನೋಡಿದರು. ವಾಮದೇವಪ್ಪ ನಕ್ಕರು.

"ಜನ ನೋಡಿ ಗಾಬ್ರಿ ಆಗೈತೆ ಪಾಪ. ನೆನಪು ಮಾಡ್ಕೊಂಡು ಹೇಳು ಅಮೀನಾಬೀ, ನಿನ್ನೆ ನನಗೆ ಹೇಳಿದ್ಯಲ್ಲ, ಹಂಗೆ."

"ನಿನ್ನೆ ಹೇಳಿದೋರು ನೀವು. ನಾನು ನಿಂತಿದ್ದೆ ಅಷ್ಟೇ."

ಕೇರಿಯವರಲ್ಲಿ ಯಾರೋ ನಕ್ಕರು, ಯಾರೋ ಗದರಿದರು. ಗುತ್ತೆಪ್ಪ ಎರಡು ಹೆಜ್ಜೆ ಮುಂದೆ ಬಂದ. ವಾಮದೇವಪ್ಪನವರ ಮುಖದ ನಗೆ ಇಳಿದಿತ್ತು, ದನಿಯಲ್ಲಿದ್ದ ಬೆಲ್ಲವೂ ಕರಗಿತ್ತು.

"ಸಾಕು. ಒಳಗೆ ನಡಿ ನೀನು. ಬಟ್ಟೆ ಬರೆ ಕಟ್ಕೋ ಹೋಗು."

"ಕಟ್ಕಂತೀನಿ, ಆಮ್ಯಾಲೆ" ಎಂದಳು ಅಮೀನಾಬೀ. "ಈಗ ಒಳಗೆ ಹೋಗಂಗಿಲ್ಲರಿ. ಕೇರಿಯೋರು ಇನ್ನೂ ಕೇಳೋದೈತೆ."