ಮಹಡಿ ಮನೆಯ ಎಡೆ

ಎಲ್ಲರೂ ಮಲಗಿದ ಮೇಲೆ ಮಹಡಿಯಿಂದ ಕುಟ್ ಕುಟ್ ಎಂಬ ಸಣ್ಣ ಸದ್ದು ಕೇಳಿತು. ಕಳ್ಳರಿರಬಹುದೇ, ಪೈಪು ಒಡೆಯಿತೇ ಎಂದು ಯೋಚಿಸುತ್ತಲೇ ನನಗೆ ಬೆಳಗಾಯಿತು. ಎದ್ದವಳೇ ಮೇಲೆ ಹೋಗಿ ವಿಚಾರಿಸಿದೆ.

"ನಾನೇ ಕಣಮ್ಮ, ಕಜ್ಜಾಯಕ್ಕೆ ಅಕ್ಕಿ ಕುಟ್ತಿದ್ದೆ. ನಿದ್ದೆ ಕೆಡಿಸ್ಬುಟ್ನಾ?" ಎಂದರು ಚಾಮುಂಡಮ್ಮ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ದೇವರಾಜುವಿನ ತಾಯಿ. ಗಂಡ ತೀರಿಕೊಂಡ ಮೇಲೆ ಊರು ಬಿಟ್ಟು ಕುವೆಂಪುನಗರಕ್ಕೆ ಬಂದವರು. ಅಂದು ಹಿರಿಯರ ಹಬ್ಬ, ಗಂಡನಿಗೆ ಮೊದಲ ಎಡೆ.

"ಸಾಯಂಕಾಲ ಎಡೆ ಇಟ್ಟು ಬಾಗ್ಲು ಹಾಕ್ಬುಡ್ತೀವಿ. ಅವ್ರು ಬಂದು ಉಂಡು ಹೋಗೋಗಂಟ ನಾವು ಆಚೆ ಕೂರ್ಬೇಕು. ಎಲೇಲಿ ಏನಾದ್ರೂ ಕದಲಿದ್ರೆ ಬಂದಿದ್ರು ಅಂತ. ಊರಲ್ಲಾದ್ರೆ ನೆಟ್ಟಗೆ ಬರೋರು. ಇಲ್ಲಿ ಕ್ರಾಸು, ಮೇನು, ಎಲ್ಲಾ ಒಂದೇ ತರ ಅವೆ. ಎಂಗೆ ಕಂಡುಹಿಡಿತಾರೋ."

"ಅಪ್ಪ ಮಾರ್ಕೆಟ್ಟಿಗೆ ಬಂದ್ರೇ ದಾರಿ ತಪ್ಪೋರು," ಎಂದ ದೇವರಾಜು.

"ನಗಾಡು ನೀನು. ಅವ್ರು ಬರ್ದಿದ್ರೆ ನಾಳೆ ಬಸ್ಸಿಗೆ ನಾನೂ ಊರಿಗೆ ಹೊಂಟೆ. ಅವ್ರು ಬರ್ದಿರೋ ಮನೇಲಿ ನಂಗೇನು ಕೆಲ್ಸ?"

ಆಕೆ ತಮಾಷೆ ಮಾಡುತ್ತಿರಲಿಲ್ಲ. ಮಗನ ಮುಖ ಚಿಕ್ಕದಾಯಿತು.

ಸಂಜೆ ತಾಯಿ ಮಗ ಬಾಗಿಲು ಹಾಕಿ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಹನಿ ಬಿತ್ತೆಂದು ನಾನು ಒಳಮೆಟ್ಟಿಲಿಂದ ತಾರಸಿಗೆ ಬಟ್ಟೆ ತರಲು ಹೋದೆ. ತಾರಸಿಗೆ ತೆರೆಯುವ ಅವರ ಹಿಂಬಾಗಿಲು ಅರ್ಧ ತೆರೆದಿತ್ತು. ಒಳಗೆ ದೀಪ, ಕಳಸ, ಹೊಸ ಪಂಚೆ, ತುಂಬಿದ ಬಾಳೆಲೆ. ಎಲೆಯ ಮುಂದೆ ನಮ್ಮ ಮಾವ ಸುಂದರೇಶರು.

ಮಾವನಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸಿಹಿಯ ಡಬ್ಬಿಗಳನ್ನೆಲ್ಲ ನಾನು ಬೀಗ ಹಾಕಿಡುತ್ತೇನೆ. ಕೋಳಿ ಸಾರಿನ ಬಟ್ಟಲಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿಕೊಂಡು ಅವರು ಕಜ್ಜಾಯ ತಿನ್ನುತ್ತಿದ್ದರು.

"ಮಾವ," ಎಂದೆ ಮೆಲ್ಲಗೆ.

ಗಾಬರಿಯಲ್ಲಿ ಕಚ್ಚಿದ ಕಜ್ಜಾಯವನ್ನು ಎಲೆಗೇ ಹಾಕಿ ಹೊರಬಂದರು. "ಘಮ ಘಮ ಅಂತಿತ್ತಮ್ಮ. ಕೇಳಿ ತಗೊಳ್ಳೋಣ ಅಂದ್ರೆ ಮನೇಲಿ ಯಾರೂ ಇರಲಿಲ್ಲ."

"ಯಾರೂ ಇರಬಾರದು, ಅದೇ ಅವರ ಪದ್ಧತಿ. ತೀರಿಕೊಂಡೋರು ಬಂದು ಊಟ ಮಾಡಬೇಕಂತೆ."

ಮಾವ ಬಾಯಿ ಒರೆಸಿಕೊಂಡರು. "ನಡಿ, ತಪ್ಪಾಯ್ತು ಅಂತ ಹೇಳಿಬಿಡ್ತೀನಿ."

ನಾವು ಸುತ್ತಿಕೊಂಡು ಮುಂಬಾಗಿಲಿಗೆ ಹೋಗುವಷ್ಟರಲ್ಲಿ ಅವರು ಬಾಗಿಲು ತೆಗೆದಾಗಿತ್ತು. ಚಾಮುಂಡಮ್ಮ ಅರ್ಧ ಕಜ್ಜಾಯ ಹಿಡಿದು ನಿಂತಿದ್ದರು. ಕಣ್ಣು ಒದ್ದೆ, ಬಾಯಿ ತುಂಬ ನಗು.

"ನೋಡಮ್ಮ, ಬಂದಿದ್ರು. ಕೋಳಿ ಮುಟ್ಟಿಲ್ಲ, ಮೊದ್ಲು ಕಜ್ಜಾಯಕ್ಕೇ ಬಾಯಿ ಹಾಕವ್ರೆ. ಯಾವತ್ತೂ ಅಂಗೇ. ಡಾಕ್ಟ್ರು ಬ್ಯಾಡ ಅಂದ್ರೂ ಕದ್ದು ತಿನ್ನೋರು."

ಮಾವ ಕೆಮ್ಮಿದರು.

"ನೀವೂ ಬಂದ್ರಾ ಸಾಮಿ? ಒಂದು ಕಜ್ಜಾಯ ತಗಳಿ."

"ಬೇಡಮ್ಮ, ಈಗಷ್ಟೇ..." ಎಂದು ನನ್ನ ಮುಖ ನೋಡಿ ನಿಲ್ಲಿಸಿದರು.

"ಲೋ ದೇವ್ರಾಜ, ಬಸ್ಸಿನ ಮಾತು ಬುಡು. ನಿಮ್ಮಪ್ಪಂಗೆ ಮನೆ ಗೊತ್ತಾಯ್ತು, ನಾನಿನ್ನು ಇಲ್ಲೇ." ಆಕೆ ಕಚ್ಚಿದ ಕಜ್ಜಾಯವನ್ನು ಕಣ್ಣಿಗೊತ್ತಿಕೊಂಡು ಮುರಿದು, ಮಗನಿಗೊಂದು ಚೂರು, ನನಗೊಂದು ಚೂರು ಕೊಟ್ಟರು. ದೇವರಾಜು ಕಣ್ಣೊರೆಸಿಕೊಂಡು ತಿಂದ. ನಾನೂ ತಿಂದೆ. ಬೆಲ್ಲದ ಪಾಕ ಹದವಾಗಿತ್ತು.

ಇಳಿಯುವಾಗ ಮಾವ ಕೇಳಿದರು, "ಹೇಳಬೇಕಿತ್ತೇನಮ್ಮ?"

ಹೇಳುವುದಾದರೆ ಹೇಗೆ ಹೇಳುವುದೆಂದು ಮಾತು ಜೋಡಿಸಿ ನೋಡಿದೆ. ಯಾವುದೂ ಸರಿಹೋಗಲಿಲ್ಲ. ಮೇಲೆ ಚಾಮುಂಡಮ್ಮ ಊರಿಗೆ ಫೋನು ಮಾಡಿ, ಅವರು ಬಂದುಹೋದ ಸುದ್ದಿಯನ್ನು ಯಾರಿಗೋ ಜೋರಾಗಿ ಹೇಳುತ್ತಿದ್ದರು. ಯಾರಿಗೂ ಹೇಳುವುದು ಬೇಡ, ನನ್ನ ಗಂಡನಿಗೂ ಬೇಡ ಎಂದು ತೀರ್ಮಾನಿಸಿದೆ.