ತೋಳಿನ ಬಿಲ್ಲೆ

ಹೆಣ ಎತ್ತಲು ನಾಲ್ವರು ಬಗ್ಗಿದ್ದರಷ್ಟೇ, ಹೆಂಡತಿಯ ಕೈಯಲ್ಲಿದ್ದ ಫೋನು ಕೂಗಿಕೊಂಡಿತು. ಮನೆಮಂದಿಗೆಲ್ಲ ಗೊತ್ತಿದ್ದ ಸದ್ದು ಅದು. ಗಂಡನ ಸಕ್ಕರೆ ತೀರ ಇಳಿದಿದೆ ಎಂದು ಎಚ್ಚರಿಸುವ ಸದ್ದು.

"ಸ್ವಲ್ಪ ತಡೀರಿ," ಎಂದಳು.

ಡ್ರೈವಿಂಗ್ ಶಾಲೆಯ ಮೇಷ್ಟ್ರು ಬೆಳಗ್ಗೆ ಶೂ ಹಾಕಿಕೊಳ್ಳುತ್ತ ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ಡಾಕ್ಟರು ಬಂದು, ನೋಡಿ, ತಲೆಯಾಡಿಸಿ ಹೋಗಿದ್ದರು. ತೋಳಿಗಂಟಿದ್ದ ಬಿಲ್ಲೆಯನ್ನು ಕೀಳುವುದು ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಅದು ತನ್ನ ಪಾಡಿಗೆ ಚರ್ಮದಡಿಯ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತಲೇ ಇತ್ತು.

ಊರಿಗೆಲ್ಲ ಬ್ರೇಕು ಹಾಕುವುದನ್ನು ಕಲಿಸಿದ ಮನುಷ್ಯನ ಬಾಯಿಗೇ ಬ್ರೇಕಿರಲಿಲ್ಲ. ಕಾರಿನಲ್ಲಿ ಕೂತು ಕದ್ದು ಬಿಸ್ಕತ್ತು ತಿಂದರೆ ಅಡುಗೆಮನೆಯಲ್ಲಿ ಇವಳ ಫೋನು ಚಾಡಿ ಹೇಳುತ್ತಿತ್ತು. "ಮನೇಲೊಬ್ಬ ಪೊಲೀಸು, ತೋಳಲ್ಲೊಬ್ಬ ಪೊಲೀಸು. ಕಳ್ಳ ಬದುಕೋದು ಹೆಂಗಪ್ಪಾ?" ಎಂದು ಶಿಷ್ಯರೆದುರು ಗೋಳಾಡಿ ನಗಿಸುತ್ತಿದ್ದರು.

"ಅತ್ತಿಗೆ, ಗಾಡಿ ಕಾಯ್ತಾ ಇದೆ," ಎಂದ ಮೈದುನ, ಮೆಲ್ಲಗೆ.

"ಇದು ಸುಳ್ಳು ಹೇಳುತ್ತೆ. ಅವತ್ತೂ ಹೇಳಿತ್ತಲ್ಲ, ನೀವೂ ಇದ್ರಲ್ಲ."

*

ಅವತ್ತು ಎಂದರೆ ಹೃದಯದ ಆಪರೇಷನ್ನಿನ ದಿನ. ಅಂಥ ಹೊತ್ತಿನಲ್ಲಿ ಬಿಲ್ಲೆ ಎಷ್ಟು ನಿಜ ಹೇಳುತ್ತದೆಂದು ನೋಡಬೇಕಿತ್ತು ಡಾಕ್ಟರುಗಳಿಗೆ. ಮೇಷ್ಟ್ರು ಖುಷಿಯಿಂದಲೇ ಒಪ್ಪಿದ್ದರು. ಹೊರಗೆ ಬೆಂಚಿನ ಮೇಲೆ ಕೂತ ಇವಳ ಫೋನಿನಲ್ಲಿ ಅಂಕಿ ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ಫೋನು ಕೂಗತೊಡಗಿತು. ಇವಳು ಹೋಗಿ ಬಾಗಿಲು ಬಡಿದಳು. ಮೈದುನ ಹಿಡಿದರೂ ನಿಲ್ಲಲಿಲ್ಲ.

ಅರಿವಳಿಕೆಯ ಡಾಕ್ಟರಮ್ಮ ಒಬ್ಬರು ಹೊರಗೆ ಬಂದರು. ಗದರಲಿಲ್ಲ.

"ಅವರ ಮೈ ತಣ್ಣಗೆ ಮಾಡಿದೀವಮ್ಮ. ಹೃದಯದ ಕೆಲಸ ಮಿಷನ್ ಮಾಡ್ತಿದೆ. ಈಗ ಬಿಲ್ಲೆ ಮಾತು ನೆಚ್ಚೋಹಾಗಿಲ್ಲ. ನಾವು ರಕ್ತಾನೇ ತೆಗೆದು ನೋಡಿದೀವಿ, ಸಕ್ಕರೆ ಸರಿಯಾಗೇ ಇದೆ. ನಿಮಗೂ ಅಷ್ಟೇ, ಅನುಮಾನ ಬಂದ್ರೆ ರಕ್ತ ಕೇಳಿ."

ಸಂಜೆ ಇವಳು ಮುಟ್ಟಿದಾಗ ಪಾದ ಇನ್ನೂ ತಣ್ಣಗಿತ್ತು. ಆದರೆ ಮನುಷ್ಯ ಕಣ್ಣು ಬಿಟ್ಟಿದ್ದರು.

ಅಂದಿನಿಂದ ಫೋನು ಕೂಗಿದಾಗಲೆಲ್ಲ ಬೆರಳು ಚುಚ್ಚಿ ರಕ್ತ ನೋಡಲು ಸೂಜಿ ಹಿಡಿದು ಬರುವುದು ಇವಳ ಕೆಲಸವಾಯಿತು. ಮೇಷ್ಟ್ರು ಕೇಳುವ ಮೊದಲೇ ಬೆರಳು ಚಾಚಿ, ಮುಖ ಆ ಕಡೆ ತಿರುಗಿಸುತ್ತಿದ್ದರು. ಲಾರಿಗೆ ಎದುರಾಗಿ ಕಾರು ಬಿಡುವವರಿಗೆ ಸೂಜಿ ಕಂಡರೆ ಜೀವ ಹೋಗುತ್ತಿತ್ತು.

*

ಫೋನು ಮತ್ತೆ ಕೂಗಿತು.

"ಅಮ್ಮ, ಕೊಡಿಲ್ಲಿ. ಆಫ್ ಮಾಡ್ತೀನಿ," ಎಂದಳು ಮಗಳು.

ಅವಳು ಕೊಡಲಿಲ್ಲ. ಗಂಡನ ಪಾದ ಮುಟ್ಟಿ ನೋಡಿದಳು. ತಣ್ಣಗಿತ್ತು. ಅವಳೇನೂ ತಿಳಿಯದವಳಲ್ಲ, ಬೆಳಗ್ಗೆ ಅವರ ಕಣ್ಣು ಮುಚ್ಚಿದವಳೇ ಅವಳು. ಆದರೂ ಒಂದು ಆಸೆ ಒಳಗೆ ಹಟ ಹಿಡಿದು ಕೂತಿತ್ತು. ಅದಕ್ಕೆ ಉತ್ತರ ಹೇಳದೆ ಕಳಿಸಿಕೊಟ್ಟರೆ ಅದು ತನ್ನನ್ನು ಬದುಕಿರುವಷ್ಟು ಕಾಲ ಪೀಡಿಸುತ್ತದೆಂದು ಅವಳಿಗೆ ಹೆದರಿಕೆಯಾಯಿತು.

"ಸೂಜಿ ಡಬ್ಬಿ ತಗೊಂಡ್ ಬಾ."

"ಅತ್ತಿಗೆ, ಈಗ ಅದೆಲ್ಲ..."

"ಇರ್ಲಿ ಬಿಡಿ ಚಿಕ್ಕಪ್ಪ," ಎಂದು ಮಗಳು ಒಳಗೆ ಹೋದಳು.

ನಾಲ್ವರೂ ಹಿಂದೆ ಸರಿದು ನಿಂತರು. ಅವಳು ನೆಲದ ಮೇಲೆ ಕೂತು ಅವರ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳು ಬಿಡಿಸಲು ತುಸು ಕಷ್ಟವಾಯಿತು. ಒರೆಸಿದಳು.

"ಒಂಚೂರು ಚುಚ್ಚುತ್ತೆ ರೀ," ಎಂದಳು.

ಚುಚ್ಚಿದಳು. ಬೆರಳಿನ ಬುಡದಿಂದ ತುದಿಯವರೆಗೆ ನೀವಿದಳು. ಇನ್ನೊಮ್ಮೆ ನೀವಿದಳು. ಮಗಳು ಸಕ್ಕರೆ ಅಳೆಯುವ ಪಟ್ಟಿ ಹಿಡಿದು ಪಕ್ಕದಲ್ಲೇ ಕಾದಳು. ಮೈದುನ ಗೋಡೆಯ ಕಡೆ ತಿರುಗಿದ.

ರಕ್ತ ಬರಲಿಲ್ಲ.

ಅವಳು ಫೋನನ್ನು ಮಗಳಿಗೆ ಕೊಟ್ಟಳು. ಆಮೇಲೆ ಹತ್ತಿ ತೆಗೆದುಕೊಂಡು ಆ ಬೆರಳ ತುದಿಗಿಟ್ಟು, ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಒತ್ತಿ ಹಿಡಿದು ಕೂತಳು.